ಪಂಪ್ ಒಳಗೇ ಇರುವ ಏರ್ ರೈಫಲ್: ಕೊಳ್ಳುವಾಗ ಏನು ನೋಡಬೇಕು, ನಮ್ಮ ಮಳೆಗಾಲದಲ್ಲಿ ಹೇಗೆ ಕಾಪಾಡಬೇಕು?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಅಡಿಕೆ ತೋಟ. ಒಂಬತ್ತನೇ ಕ್ಲಾಸಿನ ಮಗಳಿಗೆ ಶೂಟಿಂಗ್ ಕಲಿಯುವ ಆಸೆ. ಸಿಲಿಂಡರಿನ ರೈಫಲ್ ತೆಗೆದುಕೊಂಡರೆ ಗಾಳಿ ತುಂಬಿಸಲು ದೂರ ಹೋಗಬೇಕು. ಅದಕ್ಕೇ ಪಂಪ್ ಒಳಗೇ ಇರುವುದನ್ನು ಕೊಳ್ಳುವ ಅಂತ ಯೋಚನೆ. ಮಂಗಳೂರಿನಲ್ಲಿರುವ ಭಾವ ಅವರ ಹಳೆಯದನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಅನ್ನುತ್ತಾರೆ. ಆದರೆ ಅದರ ಪಂಪಿನ ಲಿವರ್ ಮುಚ್ಚಿಟ್ಟ ಮೇಲೆ ತಾನಾಗಿ ತೆರೆದುಕೊಳ್ಳುತ್ತದೆ. ತೆಗೆದುಕೊಳ್ಳಬಹುದೇ? ನಮ್ಮ ಮಳೆಗಾಲಕ್ಕೆ ಇಂಥದ್ದು ಬಾಳುತ್ತದೆಯೇ? ತೋಟಕ್ಕೆ ಬರುವ ಮಂಗಗಳನ್ನು ಓಡಿಸಲೂ ಆಗಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಮಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಂಡರೆ ರೈಫಲ್ಲಿನ ಆಯ್ಕೆಯೇ ತಪ್ಪುತ್ತದೆ.

ಮಂಗನಿಗೆ ಇದು ಬೇಡ. ನಮ್ಮ ತೋಟಗಳಿಗೆ ನುಗ್ಗುವ ಮಂಗ ಈಗ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. 1972ರ ಆ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಕಾಯ್ದೆಯ ಪ್ರಕಾರ ಗಾಯ ಮಾಡುವುದೂ ಬೇಟೆಯೇ. ‘ಕೊಲ್ಲಲಿಲ್ಲ, ಸುಮ್ನೆ ಹೆದರಿಸಿದ್ದು’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಮೊದಲನೇ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷ ಜೈಲು. ಕಾಡುಹಂದಿಯ ವಿಷಯ ಬೇರೆ. ತೊಂದರೆ ಕೊಡುವ ಹಂದಿಯನ್ನು ಕೊಲ್ಲಿಸಲು 2022ರಲ್ಲಿ ಕೇರಳ ಸರಕಾರ ಪಂಚಾಯತಿಗಳಿಗೆ ಅಧಿಕಾರ ಕೊಟ್ಟಿತು. ಆದರೆ ಅದು ಅನುಮತಿ ಪಡೆದು, ಲೈಸೆನ್ಸ್ ಇರುವ ಕೋವಿಯಲ್ಲಿ ಮಾಡುವ ಕೆಲಸ. ಏರ್ ರೈಫಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಕಾನೂನು ಬದಿಗಿಟ್ಟರೂ ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್, ಅಂದರೆ ಏರ್ ರೈಫಲ್ಲಿನ ಚಿಕ್ಕ ಗುಂಡು, ಮಂಗನ ಮೈಯೊಳಗೆ ಸಿಕ್ಕಿಕೊಂಡು ಕೀವಾಗುತ್ತದೆ. ಪ್ರಾಣಿ ದಿನಗಟ್ಟಲೆ ನರಳುತ್ತದೆ. ಎಳೆ ಬೊಂಡ, ಬಾಳೆ, ಕೊಕ್ಕೋ ಎಲ್ಲ ಹಾಳಾಗುವಾಗ ಹೊಟ್ಟೆ ಉರಿಯುವುದು ನಿಜ. ಆದರೂ ಈ ರೈಫಲ್ ಮಗಳ ಕಲಿಕೆಗೆ ಮಾತ್ರ ಇರಲಿ.

ಹಾಗೆ ತೀರ್ಮಾನ ಮಾಡಿಕೊಂಡರೆ ಆಯ್ಕೆ ಸುಲಭವಾಗುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಅಳತೆ 4.5 ಮಿಲಿಮೀಟರ್, ಅಂದರೆ ಪೇಟೆಯಲ್ಲಿ ‘ಪಾಯಿಂಟ್ 177’ ಅನ್ನುವುದು, ಮತ್ತು ಪೆಲೆಟ್ ಹೊರಬೀಳುವ ಶಕ್ತಿ 20 ಜೂಲ್ ಒಳಗೆ ಇದ್ದರೆ ಲೈಸೆನ್ಸ್ ಬೇಕಿಲ್ಲ. ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕೊಟ್ಟು ಕೊಳ್ಳಬಹುದು. 5.5 ಮಿಲಿಮೀಟರಿನದ್ದಾದರೆ ಲೈಸೆನ್ಸ್ ಬೇಕು. ಭಾವನ ರೈಫಲ್ ಯಾವುದು ಎಂದು ಮೊದಲು ನೋಡಿ. ಬಿಲ್ ಇದೆಯೇ ಎಂದೂ ಕೇಳಿ. ತಲಪಾಡಿ ಗಡಿ ದಾಟಿ ಊರಿಗೆ ತರುವಾಗ ಬಿಲ್ಲಿನ ಪ್ರತಿ ಜೊತೆಗಿರಲಿ. ಪೆಲೆಟ್ ಹಾಕದೆ, ಗಾಳಿ ಖಾಲಿ ಮಾಡಿ, ಚೀಲದೊಳಗಿಟ್ಟು ತನ್ನಿ.

ವೇಗದ ಜಾಹೀರಾತು ನೋಡಿ ಮರುಳಾಗಬೇಡಿ. ಒಂದು ಲೆಕ್ಕ ಮಾಡಿ ನೋಡುವ. 0.547 ಗ್ರಾಂ ತೂಕದ ಪೆಲೆಟ್ಟಿಗೆ 20 ಜೂಲ್ ಶಕ್ತಿ ಸಿಕ್ಕಿದರೆ ಅದರ ವೇಗ ಸೆಕೆಂಡಿಗೆ ಸುಮಾರು 270 ಮೀಟರ್. ಅದೇ ಪೆಲೆಟ್ 305 ಮೀಟರ್, ಅಂದರೆ ಸಾವಿರ ಅಡಿ, ಹೋಗುತ್ತದೆ ಅಂತಾದರೆ ಶಕ್ತಿ 25 ಜೂಲ್ ದಾಟಿತು. ಅಂದರೆ ಡಬ್ಬದ ಮೇಲಿನ ದೊಡ್ಡ ಸಂಖ್ಯೆ ತೀರಾ ಹಗುರ ಪೆಲೆಟ್ಟಿನ ಲೆಕ್ಕವಿರಬೇಕು, ಇಲ್ಲವಾದರೆ ಅದು ಲೈಸೆನ್ಸಿನ ಆಯುಧ. ವೇಗ ಶಬ್ದದ ವೇಗಕ್ಕೆ ಹತ್ತಿರವಾದಷ್ಟೂ ಪೆಲೆಟ್ ಅಲ್ಲಾಡುತ್ತದೆ, ಗುರಿ ಕೆಡುತ್ತದೆ. 10 ಮೀಟರ್ ಪಂದ್ಯದ ರೈಫಲ್ಲುಗಳ ಶಕ್ತಿ 7 ಜೂಲ್ ಆಸುಪಾಸು ಅಷ್ಟೇ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ 10 ಮೀಟರಿನಲ್ಲಿ. ಕಲಿಯುವ ಹುಡುಗಿಗೆ ಜೋರು ಬೇಡ. ಪ್ರತಿ ಪೆಲೆಟ್ಟೂ ಒಂದೇ ವೇಗದಲ್ಲಿ ಹೋಗಬೇಕು. ಅದು ಪಂಪಿನ ಮೇಲೆ ನಿಂತಿದೆ.

ಪಂಪ್ ಒಳಗೇ ಇರುವ ರೈಫಲ್ ಮೂರು ಬಗೆ. ಒಂದು, ಲಿವರನ್ನು ಒಮ್ಮೆ ಎಳೆದು ಮುಚ್ಚಿದರೆ ಒಂದು ಹೊಡೆತಕ್ಕೆ ಬೇಕಾದ ಗಾಳಿ ತುಂಬುವಂಥದ್ದು. 10 ಮೀಟರ್ ಏರ್ ರೈಫಲ್ ಒಲಿಂಪಿಕ್ಸಿಗೆ ಬಂದದ್ದು 1984ರಲ್ಲಿ. ಆ ಕಾಲದ ವಾಲ್ಥರ್, ಫೈನ್‌ವೆರ್ಕ್‌ಬಾವ್ ಪಂದ್ಯದ ರೈಫಲ್ಲುಗಳಲ್ಲಿ ಈ ಬಗೆಯವು ಇದ್ದವು. ಶಕ್ತಿ ಕಡಿಮೆ, ಆದರೆ ಪ್ರತಿ ಸಲವೂ ಒಂದೇ ಸಮ. ಎರಡನೆಯದು, ಒಂದು ಹೊಡೆತಕ್ಕೆ ಮೂರರಿಂದ ಹತ್ತು ಸಲ ಪಂಪ್ ಮಾಡುವಂಥದ್ದು. ತುಂಬಿದ ಗಾಳಿಯೆಲ್ಲ ಒಂದೇ ಹೊಡೆತಕ್ಕೆ ಖಾಲಿ. ಐದು ಸಲ ಅಂತ ನಿಗದಿ ಮಾಡಿಕೊಂಡರೆ ಪ್ರತಿ ಸಲವೂ ಐದೇ ಇರಬೇಕು. ಲೆಕ್ಕ ತಪ್ಪಿದರೆ ಗುರಿಯೂ ತಪ್ಪುತ್ತದೆ. ಮೂರನೆಯದು, ನೀವು ಕೇಳುತ್ತಿರುವುದು ಇದನ್ನೇ ಅಂತ ಕಾಣುತ್ತದೆ, ಗಾಳಿಯ ಟ್ಯಾಂಕ್ ಇದ್ದು, ಅದನ್ನು ತುಂಬಿಸುವ ಪಂಪ್ ನಳಿಗೆಯ ಕೆಳಗೇ ಇರುವಂಥದ್ದು. ಖಾಲಿ ಟ್ಯಾಂಕ್ ತುಂಬಲು ನೂರರ ಹತ್ತಿರ ಪಂಪ್ ಬೇಕಾಗಬಹುದು. ಆಮೇಲೆ ಒಂದು ಹೊಡೆತಕ್ಕೆ ಎರಡು ಮೂರು ಪಂಪ್ ಕೊಟ್ಟರೆ ಹೋದ ಗಾಳಿ ವಾಪಸ್ ತುಂಬುತ್ತದೆ.

ಈ ಮೂರನೇ ಬಗೆಯಲ್ಲಿ ರೈಫಲ್ ಅಂತ ನೀವು ದುಡ್ಡು ಕೊಡುವುದು ನಿಜವಾಗಿ ಪಂಪಿಗೆ. ನಳಿಗೆ ಜಾಗ್ರತೆಯಾಗಿ ಇಟ್ಟುಕೊಂಡರೆ ಬಹಳ ಕಾಲ ಬರುತ್ತದೆ. ಮರದ ಹಿಡಿಯೂ ಹಾಗೆಯೇ. ಸವೆಯುವುದು, ಸೋರುವುದು, ತುಕ್ಕು ಹಿಡಿಯುವುದು ಎಲ್ಲ ಪಂಪ್ ಮತ್ತು ಟ್ಯಾಂಕಿನಲ್ಲಿ. ಹಾಗಾಗಿ ಅಂಗಡಿಯಲ್ಲಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ಇದೇ: ಸೀಲ್ ಕಿಟ್ ಸಿಗುತ್ತದೆಯೇ? ಅದರಲ್ಲಿ ಪಂಪಿನ ಓ-ರಿಂಗುಗಳು (ಗಾಳಿ ಸೋರದ ಹಾಗೆ ತಡೆಯುವ ರಬ್ಬರ್ ಬಳೆಗಳು), ಚೆಕ್ ವಾಲ್ವಿನ (ಟ್ಯಾಂಕಿಗೆ ಹೋದ ಗಾಳಿ ಪಂಪಿಗೆ ವಾಪಸ್ ಬರದ ಹಾಗೆ ತಡೆಯುವುದು) ಸೀಲ್, ಹೊಡೆತದ ವಾಲ್ವಿನ (ಟ್ರಿಗರ್ ಒತ್ತಿದಾಗ ಗಾಳಿ ಬಿಡುವುದು) ಸೀಲ್ ಇರಬೇಕು. ರೈಫಲ್ಲಿನ ಜೊತೆಗೇ ಎರಡು ಕಿಟ್ ಕೊಂಡುಬಿಡಿ. ಹೊರದೇಶದ ಮಾಡೆಲ್ ಆದರೆ ಆಮೇಲೆ ಬಿಡಿಭಾಗ ತರಿಸುವುದು ಸುಲಭವಲ್ಲ.

ಪಂಪಿನ ಕೆಲಸ ಸ್ವಲ್ಪ ಅರ್ಥ ಮಾಡಿಕೊಂಡರೆ ಅರ್ಧ ರಿಪೇರಿ ತಪ್ಪುತ್ತದೆ. ಕಾರಿನ ಟಯರಿನಲ್ಲಿರುವುದು ಸುಮಾರು 2.2 ಬಾರ್ ಒತ್ತಡ. ಈ ಟ್ಯಾಂಕುಗಳಲ್ಲಿ 200 ಬಾರ್ ಆಸುಪಾಸು ಇರುತ್ತದೆ. ಪಂಪಿನ ಕೊನೆಯ ಹಂತದ ಪಿಸ್ಟನ್ 9 ಮಿಲಿಮೀಟರ್ ಅಗಲದ್ದು ಅಂತ ಇಟ್ಟುಕೊಳ್ಳಿ. 200 ಬಾರಿಗೆ ಅದರ ಮೇಲೆ ಬೀಳುವ ಭಾರ ಸುಮಾರು 130 ಕಿಲೋ. ಲಿವರ್ ಇರುವುದರಿಂದ ನಮ್ಮ ಕೈಗೆ ಅದರ ಒಂದು ಪಾಲು ಮಾತ್ರ ತಗಲುತ್ತದೆ. ಆದರೂ ಒಂಬತ್ತನೇ ಕ್ಲಾಸಿನ ಮಗುವಿಗೆ ಕೊನೆಯ ಪಂಪುಗಳು ಕಷ್ಟವೇ. ಅಂಗಡಿಯಲ್ಲಿ ಅವಳ ಕೈಯಲ್ಲೇ ಮಾಡಿಸಿ ನೋಡಿ. ಆಗದಿದ್ದರೆ ಪಂಪ್ ಮಾಡುವ ಕೆಲಸ ನಿಮ್ಮದು.

ಲಿವರನ್ನು ಪೂರ್ತಿ ತೆರೆಯಬೇಕು, ಪೂರ್ತಿ ಮುಚ್ಚಬೇಕು. ಪೂರ್ತಿ ತೆರೆಯದಿದ್ದರೆ ಹೊಸ ಗಾಳಿ ಒಳಗೆ ಬರುವುದಿಲ್ಲ. ಪೂರ್ತಿ ಮುಚ್ಚದಿದ್ದರೆ ಒತ್ತಿದ ಗಾಳಿ ಟ್ಯಾಂಕಿಗೆ ಸೇರುವುದಿಲ್ಲ. ಟ್ಯಾಂಕಿನೊಳಗಿನ ಒತ್ತಡವನ್ನು ಮೀರುವುದು ಎಳೆತದ ಕಟ್ಟಕಡೆಗೆ ಮಾತ್ರ. ಮುಕ್ಕಾಲು ಎಳೆದು ಬಿಟ್ಟರೆ ಕೈ ನೋವು ಬಂತು, ಪಂಪ್ ಬಿಸಿಯಾಯಿತು, ಗಾಳಿ ತುಂಬಲೇ ಇಲ್ಲ. ಹಾಗಾಗಿ ನಿಧಾನಕ್ಕೆ, ಒಂದೇ ಸಮನೆ, ಕೊನೆಯಲ್ಲಿ ಒಂದೆರಡು ಸೆಕೆಂಡ್ ಒತ್ತಿ ಹಿಡಿದು ಮಾಡಿ. ಇಪ್ಪತ್ತು ಮೂವತ್ತು ಪಂಪ್ ಆದ ಮೇಲೆ ಕೊಳವೆಯನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ಆರುವವರೆಗೆ ಬಿಟ್ಟುಬಿಡಿ. ಬಿಸಿಯಲ್ಲಿ ಓ-ರಿಂಗ್ ಮೆತ್ತಗಾಗುತ್ತದೆ, ಆಗ ಎಳೆದರೆ ಅಂಚು ಕಿತ್ತುಹೋಗುತ್ತದೆ. ಲಿವರ್ ಮತ್ತು ಕೊಳವೆಯ ನಡುವೆ ಬೆರಳು ಬರದ ಹಾಗೆ ಹಿಡಿಯಲು ಮಗಳಿಗೆ ಮೊದಲ ದಿನವೇ ಕಲಿಸಿ.

ಈಗ ಭಾವನ ರೈಫಲ್. ಲಿವರ್ ತಾನಾಗಿ ತೆರೆದುಕೊಳ್ಳುವುದಕ್ಕೆ ಎರಡು ಕಾರಣ ಇರಬಹುದು. ಒಂದು ಸಹಜ, ಇನ್ನೊಂದು ಅಪಾಯದ್ದು. ಪಂಪಿನ ತುದಿಯಲ್ಲಿ ಚೂರು ಗಾಳಿ ಯಾವಾಗಲೂ ಉಳಿಯುತ್ತದೆ. ಮುಚ್ಚಿದ ತಕ್ಷಣ ಕೈ ಬಿಟ್ಟರೆ ಆ ಗಾಳಿ ಲಿವರನ್ನು ಸ್ವಲ್ಪ ದೂಡುತ್ತದೆ. ಮತ್ತೆ ಒತ್ತಿದರೆ ಅದು ಸುಮ್ಮನೆ ಕೂರುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ. ಆದರೆ ಮುಚ್ಚಿ ಹತ್ತು ನಿಮಿಷ ಬಿಟ್ಟು, ಅಥವಾ ರಾತ್ರಿಯಿಡೀ ಇಟ್ಟು, ಆಮೇಲೆ ಲಿವರ್ ಎದ್ದು ನಿಂತಿದ್ದರೆ, ಒತ್ತಡ ತೋರಿಸುವ ಗೇಜಿನ ಮುಳ್ಳೂ ಕೆಳಗಿಳಿದಿದ್ದರೆ, ಟ್ಯಾಂಕಿನ ಗಾಳಿ ಚೆಕ್ ವಾಲ್ವ್ ದಾಟಿ ಪಂಪಿಗೆ ವಾಪಸ್ ಬರುತ್ತಿದೆ ಅಂತ ಅರ್ಥ. ಆಗ ಆ ಲಿವರಿನ ಹಿಂದೆ ಟ್ಯಾಂಕಿನ ಒತ್ತಡವೇ ಇರುತ್ತದೆ. ಕೊಕ್ಕೆ ತಪ್ಪಿದರೆ ಲಿವರ್ ಮುಖಕ್ಕೋ ಕೈಗೋ ಬಡಿಯುತ್ತದೆ. ಅಂಥದ್ದರ ಎದುರು ಬಗ್ಗಿ ನಿಲ್ಲಬೇಡಿ, ಮಕ್ಕಳ ಕೈಗೆ ಕೊಡಲೇಬೇಡಿ.

ಗೇಜ್ ನೋಡುವಾಗ ಒಂದು ವಿಷಯ ನೆನಪಿರಲಿ. ಮಧ್ಯಾಹ್ನ 32 ಡಿಗ್ರಿ ಸೆಕೆಯಲ್ಲಿ 200 ಬಾರ್ ಇದ್ದದ್ದು ಬೆಳಗ್ಗೆ 24 ಡಿಗ್ರಿಗೆ ಇಳಿದಾಗ ಸುಮಾರು 195 ತೋರಿಸುತ್ತದೆ. ಅದು ಸೋರಿಕೆ ಅಲ್ಲ. ಪಂಪ್ ಮಾಡಿದ ತಕ್ಷಣದ ಗೇಜನ್ನೂ ನಂಬಬೇಡಿ, ಬಿಸಿ ಗಾಳಿ ಆರಿದ ಮೇಲೆ ಮುಳ್ಳು ಇಳಿಯುತ್ತದೆ. ಸರಿಯಾಗಿ ನೋಡಬೇಕಾದರೆ ತುಂಬಿಸಿ ಎರಡು ಗಂಟೆ ಬಿಟ್ಟು ಗುರುತು ಮಾಡಿಕೊಳ್ಳಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ. ನಳಿಗೆಯ ಬಾಯಿಂದ ಸೋರುತ್ತದೆಯೇ ಅಂತ ಸಂಶಯ ಇದ್ದರೆ ಪೆಲೆಟ್ ಇಲ್ಲ ಎಂದು ಖಚಿತ ಮಾಡಿಕೊಂಡು ಬಾಯಿಗೆ ಸಣ್ಣ ಬಲೂನ್ ಸಿಕ್ಕಿಸಿ, ಟ್ರಿಗರ್ ಮುಟ್ಟದೆ ಇಡಿ. ಅದು ಉಬ್ಬಿದರೆ ಹೊಡೆತದ ವಾಲ್ವ್ ಸೋರುತ್ತಿದೆ. ಹೊರಗಿನ ಜೋಡಣೆಗಳಿಗೆ ಸಾಬೂನು ನೀರು ಸಾಕು. ಕಣ್ಣು, ಕೆನ್ನೆ ಹತ್ತಿರ ತಂದು ಪರೀಕ್ಷೆ ಮಾಡಬೇಡಿ.

ನಮ್ಮ ಮಳೆಗಾಲದ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಇಂಥ ರೈಫಲ್ಲುಗಳ ಜೊತೆ ಬರುವ ಪುಸ್ತಿಕೆಗಳನ್ನು ಬರೆಯುವವರು ಕಾಸರಗೋಡಿನ ಜೂನ್, ಜುಲೈ ನೋಡಿದವರಲ್ಲ.

ಟ್ಯಾಂಕ್ 150 ಮಿಲಿಲೀಟರಿನದ್ದು ಅಂತಿಟ್ಟುಕೊಳ್ಳಿ. ಅದನ್ನು 200 ಬಾರಿಗೆ ತುಂಬಿಸಬೇಕಾದರೆ ಹೊರಗಿನ ಗಾಳಿ 30 ಲೀಟರ್ ಬೇಕು. ಮಳೆಗಾಲದಲ್ಲಿ 27 ಡಿಗ್ರಿ, ತೇವ ನೂರಕ್ಕೆ 90 ಇದ್ದಾಗ ಒಂದು ಘನ ಮೀಟರ್ ಗಾಳಿಯಲ್ಲಿ 23 ಗ್ರಾಂ ನೀರಿನ ಆವಿ ಇರುತ್ತದೆ. 30 ಲೀಟರಿಗೆ 0.7 ಗ್ರಾಂ, ಅಂದರೆ ಸುಮಾರು 14 ಹನಿ. ಗಾಳಿಯನ್ನು ಇನ್ನೂರು ಪಾಲು ಒತ್ತಿ ಕುಗ್ಗಿಸಿದಾಗ ಅಷ್ಟು ಆವಿ ಅದರಲ್ಲಿ ಹಿಡಿಯುವುದಿಲ್ಲ. ಹೆಚ್ಚುಕಮ್ಮಿ ಪೂರ್ತಿ ನೀರಾಗಿ ಪಂಪಿನಲ್ಲೋ ಟ್ಯಾಂಕಿನಲ್ಲೋ ಇಳಿಯುತ್ತದೆ. ಇದು ಒಂದು ಸಲ ತುಂಬಿಸಿದ ಲೆಕ್ಕ. ಪ್ರತಿ ಹೊಡೆತದ ಮೇಲೆ ಮತ್ತೆ ಪಂಪ್ ಮಾಡುತ್ತಾ ಹೋದರೆ ನೀರು ಸೇರುತ್ತಲೇ ಹೋಗುತ್ತದೆ. ಬೇರೆಯಾಗಿ ಸಿಗುವ ಕೈಪಂಪುಗಳಲ್ಲಿ ಒತ್ತಡ ಬಿಡುವ ತಿರುಪು ಇರುತ್ತದೆ, ಅದನ್ನು ತೆರೆದಾಗ ನೀರೂ ಹೊರಗೆ ಹಾರುತ್ತದೆ. ರೈಫಲ್ಲಿನೊಳಗಿನ ಪಂಪುಗಳಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಉಕ್ಕಿನ ಟ್ಯಾಂಕ್ ಆದರೆ ಒಳಗಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಫಳಫಳ ಹೊಳೆಯುತ್ತಿರುತ್ತದೆ. ತುಕ್ಕಿನ ಪುಡಿ ಹೋಗಿ ಕೂರುವುದು ಚೆಕ್ ವಾಲ್ವಿನ ಸೀಲಿನ ಮೇಲೆ. ಭಾವನ ರೈಫಲ್ಲಿನ ಕಾಯಿಲೆಯೂ ಇದೇ ಇರಬಹುದು.

ಇದಕ್ಕೆ ಏನು ಮಾಡಬೇಕು? ಮಧ್ಯಾಹ್ನ ಪಂಪ್ ಮಾಡಿದರೆ ಗಾಳಿ ಒಣಗಿರುತ್ತದೆ ಅಂತ ಜನ ಹೇಳುತ್ತಾರೆ. ಸೆಕೆಯಿಂದ ಹಾಗೆ ಅನಿಸುತ್ತದೆ, ಆದರೆ ಕರಾವಳಿಯಲ್ಲಿ ಗಾಳಿಯೊಳಗಿನ ನೀರು ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ ಅಷ್ಟೇನೂ ಕಡಿಮೆಯಾಗುವುದಿಲ್ಲ. ಎಸಿ ಇರುವ ಕೋಣೆ ಮನೆಯಲ್ಲಿದ್ದರೆ ಅಲ್ಲಿ ಪಂಪ್ ಮಾಡಿ. 25 ಡಿಗ್ರಿ, ತೇವ ನೂರಕ್ಕೆ 50 ಇದ್ದರೆ ನೀರು ಅರ್ಧಕ್ಕೆ ಇಳಿಯುತ್ತದೆ. ಇದು ನಿಜವಾದ ಲಾಭ. ಎಸಿ ಇಲ್ಲದಿದ್ದರೆ ಜೂನಿನಿಂದ ಆಗಸ್ಟಿನವರೆಗೆ ಖಾಲಿಯಿಂದ ಪೂರ್ತಿ ತುಂಬಿಸುವುದನ್ನು ಕಡಿಮೆ ಮಾಡಿ. ಮಳೆಗಾಲ ಮುಗಿದ ಮೇಲೆ, ನವೆಂಬರ್ ಡಿಸೆಂಬರಿನಲ್ಲಿ, ವರ್ಷಕ್ಕೊಮ್ಮೆ ಟ್ಯಾಂಕ್ ಬಿಚ್ಚಿಸಿ ಒಳಗೆ ಒರೆಸಿಸಿ, ಸೀಲ್ ಬದಲಾಯಿಸಿ. ಒಣ ಊರಿನವರಿಗೆ ಇದು ಅತಿಯಾಯಿತು ಅನಿಸಬಹುದು, ನಮಗೆ ಅಲ್ಲ. ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಯಾವ ತಿರುಪಿಗೂ ಕೈ ಹಾಕುವ ಮೊದಲು ಗಾಳಿ ಪೂರ್ತಿ ಖಾಲಿಯಾಗಿರಬೇಕು. ಗೇಜ್ ಸೊನ್ನೆ ತೋರಿಸಿದರೆ ಸಾಲದು, ಕೆಟ್ಟ ಗೇಜೂ ಸೊನ್ನೆಯನ್ನೇ ತೋರಿಸುತ್ತದೆ. ಒತ್ತಡ ಇರುವ ಟ್ಯಾಂಕಿನ ತಿರುಪು ಸಡಿಲಿಸಿದರೆ ಅದು ಗುಂಡಿನ ಹಾಗೆ ಹಾರಿ ಬರುತ್ತದೆ.

ಎಣ್ಣೆ ವಿಷಯ. ಬಾಗಿಲಿನ ತಿರುಗಣೆಯಿಂದ ಹೊಲಿಗೆ ಮಿಷನ್ನಿನವರೆಗೆ ಎಲ್ಲದಕ್ಕೂ ತೆಂಗಿನೆಣ್ಣೆ ಬಿಡುವ ಅಭ್ಯಾಸ ನಮ್ಮದು. ಇಲ್ಲಿ ಬೇಡ. ತೆಂಗಿನೆಣ್ಣೆ 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಮಿಷನ್ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಇವು ಇನ್ನೂ ಅಪಾಯ. 200 ಬಾರ್ ಒತ್ತಡದ ಬಿಸಿ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆಯ ಆವಿ ಹೊತ್ತಿಕೊಳ್ಳಬಹುದು. ಟ್ಯಾಂಕ್ ಮತ್ತು ಪಂಪಿನ ಒಳಗಿನ ಓ-ರಿಂಗುಗಳಿಗೆ ಶುದ್ಧ ಸಿಲಿಕೋನ್ ಗ್ರೀಸ್ ಮಾತ್ರ, ಅದೂ ರಿಂಗ್ ಮಿನುಗುವಷ್ಟು. ಆದರೆ ಲೋಹ ಲೋಹಕ್ಕೆ ಉಜ್ಜುವ ಕಡೆ, ಲಿವರಿನ ಪಿನ್ನುಗಳಿಗೆ, ಸಿಲಿಕೋನ್ ಪ್ರಯೋಜನವಿಲ್ಲ. ಅಲ್ಲಿಗೆ ‘ಮಾಲಿ’ ಗ್ರೀಸ್, ಅಂದರೆ ಮಾಲಿಬ್ಡಿನಂ ಸೇರಿಸಿದ ಗ್ರೀಸ್, ಹಾಕಿ. ಎರಡನೇ ಬಗೆಯ, ಪ್ರತಿ ಹೊಡೆತಕ್ಕೂ ಹಲವು ಸಲ ಪಂಪ್ ಮಾಡುವ ರೈಫಲ್ಲಿನ ಒತ್ತಡ ಇದಕ್ಕಿಂತ ಬಹಳ ಕಡಿಮೆ. ಅವುಗಳ ತಯಾರಕರು ಬೇರೆ ಎಣ್ಣೆ ಹೇಳಿರುತ್ತಾರೆ, ಅದನ್ನೇ ಹಾಕಬೇಕು.

ಇಡುವ ರೀತಿಯೂ ಬಗೆಯ ಮೇಲೆ ಹೋಗುತ್ತದೆ. ಒಂದೇ ಸಲ ಎಳೆಯುವ ರೈಫಲ್ಲನ್ನು ಗಾಳಿ ತುಂಬಿ ಇಡಬಾರದು, ಸೀಲ್ ಒತ್ತಿ ಆಕಾರ ಕೆಡುತ್ತದೆ. ಹಲವು ಸಲ ಪಂಪ್ ಮಾಡುವಂಥದ್ದರಲ್ಲಿ ಒಂದು ಪಂಪಿನಷ್ಟು ಗಾಳಿ ಒಳಗೇ ಉಳಿಸಿಡುವುದು ರೂಢಿ, ವಾಲ್ವ್ ಮುಚ್ಚಿಕೊಂಡಿರುತ್ತದೆ, ಧೂಳು ಹೋಗುವುದಿಲ್ಲ. ಟ್ಯಾಂಕಿನದ್ದಕ್ಕೂ ಸ್ವಲ್ಪ ಒತ್ತಡ ಇರಲಿ, ಪೂರ್ತಿ ಬೇಡ. ಪೆಲೆಟ್ ಮಾತ್ರ ಯಾವತ್ತೂ ಒಳಗೆ ಇರಬಾರದು. ಸ್ಪಂಜಿನ ಚೀಲದಲ್ಲಿ ಇಟ್ಟರೆ ಅದು ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಬೀಗ ಇರುವ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆಗಿಡಿ. ಅದು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಲೆಯ ಮೇಲಿನ ಅಟ್ಟ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡು, ಬಿಸಿಲಲ್ಲಿ ನಿಲ್ಲಿಸಿದ ಕಾರು, ಇವು ಬೆಚ್ಚಗಿರುತ್ತವೆ ಅಂತ ಅಲ್ಲಿ ಇಡಬೇಡಿ. 30 ಡಿಗ್ರಿಯಲ್ಲಿ 200 ಬಾರ್ ಇದ್ದದ್ದು 60 ಡಿಗ್ರಿಗೆ 220 ಆಗುತ್ತದೆ. ಬಳಸಿದ ಮೇಲೆ ಒಣ ಬೈರಾಸಿನಲ್ಲಿ ಒರೆಸಿ, ಹೊರಗಿನ ಲೋಹಕ್ಕೆ ಗನ್ ಎಣ್ಣೆಯ ಕೈ ಆಡಿಸಿ. ಬೆವರಿನ ಉಪ್ಪು, ಕಡಲ ಗಾಳಿಯ ಉಪ್ಪು ಎರಡೂ ಕೆಟ್ಟವು. ನಳಿಗೆಯ ಒಳಗೆ ಮಾತ್ರ ಪದೇ ಪದೇ ಕೈ ಹಾಕಬೇಡಿ. ಗುರಿ ಚದುರಲು ಶುರುವಾದಾಗ ಮೀನಿನ ನೈಲಾನ್ ದಾರಕ್ಕೆ ಬಟ್ಟೆಯ ಚೂರು ಕಟ್ಟಿ ಪೆಲೆಟ್ ಹಾಕುವ ಕಡೆಯಿಂದ ಬಾಯಿಯ ಕಡೆಗೆ ಎಳೆದರೆ ಸಾಕು.

ಮಗಳ ಅಭ್ಯಾಸಕ್ಕೆ 10 ಮೀಟರ್ ಜಾಗ ಬೇಕು. ಗುರಿಯ ಹಿಂದೆ ಮರಳು ತುಂಬಿದ ಮರದ ಪೆಟ್ಟಿಗೆ ಇಡಿ. ಮುರಕಲ್ಲಿನ ಗೋಡೆಗೆ ಹೊಡೆದರೆ ಪೆಲೆಟ್ ಎಲ್ಲಿಗೆ ಚಿಮ್ಮುತ್ತದೆ ಅಂತ ಹೇಳಲಾಗದು. ತಪ್ಪಿದ ಪೆಲೆಟ್ ಮುನ್ನೂರು ಮೀಟರ್ ಹೋಗಬಲ್ಲದು. ತೋಟದಲ್ಲಿ ಕೆಲಸದವರು ಇರುತ್ತಾರೆ, ಅಲ್ವಾ? ಕನ್ನಡಕ ಕಡ್ಡಾಯ, ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು. ತಲೆ ಚಪ್ಪಟೆಯಾಗಿರುವ ಪೆಲೆಟ್ ಕೊಳ್ಳಿ, ಕಾಗದದಲ್ಲಿ ದುಂಡಗೆ ತೂತು ಬೀಳುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ತಿನ್ನಬಾರದು.

ಪ್ರತಿ ಹೊಡೆತಕ್ಕೂ ಪಂಪ್ ಮಾಡಿದರೆ ಅವಳ ಉಸಿರು ಏರುತ್ತದೆ, ಕೈ ನಡುಗುತ್ತದೆ, ಕಲಿಕೆ ಸಾಗುವುದಿಲ್ಲ. ಅದಕ್ಕೆ ಹೀಗೆ ಮಾಡಿ. ಪೂರ್ತಿ ತುಂಬಿಸಿ, ರೈಫಲ್ಲನ್ನು ಚೀಲದ ಮೇಲಿಟ್ಟು, ಒಂದೇ ಗುರಿಗೆ ಹೊಡೆಯುತ್ತಾ ಹೋಗಿ. ಪ್ರತಿ ಸಲ ಗೇಜ್ ಬರೆದುಕೊಳ್ಳಿ. ತೂತುಗಳು ಎಲ್ಲಿವರೆಗೆ ಒಟ್ಟಿಗೆ ಬೀಳುತ್ತವೆ, ಯಾವಾಗ ಕೆಳಗೆ ಜಾರುತ್ತವೆ ಅಂತ ಗೊತ್ತಾಗುತ್ತದೆ. ಆ ಎರಡು ಅಂಕಿಗಳ ನಡುವೆ ಸಿಗುವ ಹೊಡೆತಗಳು ಅವಳಿಗೆ. ಮುಗಿದ ಮೇಲೆ ನೀವು ಪಂಪ್ ಮಾಡಿ, ಅಷ್ಟು ಹೊತ್ತು ಅವಳು ಕೂತು ಸುಧಾರಿಸಿಕೊಳ್ಳಲಿ. ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಕೊಡುವ ರೆಗ್ಯುಲೇಟರ್ ಇರುವ ಮಾಡೆಲ್ ಆದರೆ ಈ ಸಮ ಹೊಡೆತಗಳು ಜಾಸ್ತಿ ಸಿಗುತ್ತವೆ. ಆದರೆ ಅದರೊಳಗೂ ಸೀಲುಗಳಿವೆ, ನೀರಿಗೆ ಅದೂ ಕೆಡುತ್ತದೆ. ಮುಂದೆ ಪಂದ್ಯಕ್ಕೆ ಹೋಗುವ ಮನಸ್ಸು ಅವಳಿಗೆ ಬಂದರೆ ರೇಂಜಿನಲ್ಲಿ ಪಂದ್ಯದ ರೈಫಲ್ಲಿನಲ್ಲೇ ಕಲಿಯಬೇಕಾಗುತ್ತದೆ. ಪಂದ್ಯದ ಹತ್ತನೇ ವೃತ್ತ ಅರ್ಧ ಮಿಲಿಮೀಟರಿನ ಚುಕ್ಕೆ. ಅಲ್ಲಿಯವರೆಗೆ ನಿಲ್ಲುವ ರೀತಿ, ಉಸಿರು, ಟ್ರಿಗರ್ ಒತ್ತುವ ಹದ ಎಲ್ಲವನ್ನೂ ನಿಮ್ಮ ಅಂಗಳದಲ್ಲೇ ಚೆನ್ನಾಗಿ ಕಲಿಯಬಹುದು.

ಭಾವನಿಗೆ ಹೀಗೆ ಹೇಳಿ: ದುಡ್ಡಿನ ಮಾತು ಆಮೇಲೆ, ಮೊದಲು ಗಾಳಿ ಖಾಲಿ ಮಾಡಿ, ಗೊತ್ತಿರುವ ರಿಪೇರಿಯವರಲ್ಲಿ ಟ್ಯಾಂಕ್ ಬಿಚ್ಚಿಸಿ ನೋಡುವ. ಒಳಗೆ ಸ್ವಚ್ಛ ಇದ್ದು ಬರೀ ಚೆಕ್ ವಾಲ್ವಿನ ಸೀಲ್ ಹೋಗಿದ್ದರೆ, ಆ ಮಾಡೆಲ್ಲಿನ ಕಿಟ್ಟೂ ಸಿಗುವುದಾದರೆ, ಸೀಲ್ ಬದಲಾಯಿಸಿ ಧೈರ್ಯವಾಗಿ ತೆಗೆದುಕೊಳ್ಳಿ. ಟ್ಯಾಂಕಿನ ಒಳಗೋಡೆಯಲ್ಲಿ ತುಕ್ಕು ತಿಂದ ಗುಳಿಗಳು ಕಂಡರೆ ಆ ಟ್ಯಾಂಕಿಗೆ ಮತ್ತೆ ಗಾಳಿ ತುಂಬಿಸಬಾರದು, ಭಾವನೂ ತುಂಬಿಸಬಾರದು. ಕಿಟ್ ಎಲ್ಲೂ ಸಿಗುವುದಿಲ್ಲ ಅಂತಾದರೆ ಅವರು ಸುಮ್ನೆ ಕೊಟ್ಟರೂ ಬೇಡ, ಹೊಸದನ್ನೇ ನೋಡಿ.